ಕೆಂಪಿನ ಮಗ್ಗುಲಲ್ಲಿ ಏನಿದೆ?

(ಬಾಗಲಕೋಟೆಯಲ್ಲಿ ಚಿತ್ರಕಲಾ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಈ ಮೇಜಿನ ಮೇಲೆ ಎರಡು ಇಳಕಲ್ ಸೀರೆ ಹಾಸಿವೆ. ಒಂದರ ಒಡಲು ಕಡುಹಸಿರು, ಇನ್ನೊಂದರದು ಕಿತ್ತಳೆ. ದಡಿ ಎರಡಕ್ಕೂ ಕೆಂಪು. ಯಾವ ಸೀರೆಯ ದಡಿ ಹೆಚ್ಚು ಕೆಂಪಗಿದೆ ಹೇಳಿ. ಹಿಂದೆ ಕೂತವರೂ ಅಲ್ಲಿಂದಲೇ ಹೇಳಬಹುದು, ಇದಕ್ಕೆ ಎದ್ದು ಬರಬೇಕಾಗಿಲ್ಲ.

ಎಲ್ಲರೂ ಹಸಿರು ಸೀರೆಯ ಕಡೆಗೇ ಬೆರಳು ತೋರಿಸುತ್ತಿದ್ದೀರಿ. ಈಗ ಒಂದು ಬಿಳಿ ರಟ್ಟಿನಲ್ಲಿ ಎರಡು ಕಿಂಡಿ ಕತ್ತರಿಸಿದ್ದೇನೆ. ಒಡಲು ಮುಚ್ಚಿ ದಡಿ ಮಾತ್ರ ಕಾಣುವ ಹಾಗೆ ಇದನ್ನು ಎರಡರ ಮೇಲೂ ಇಡುತ್ತೇನೆ. ನೋಡಿ. ಎರಡೂ ಒಂದೇ ಕೆಂಪು. ಕಿತ್ತಳೆಯ ಪಕ್ಕದಲ್ಲಿದ್ದಾಗ ಅದು ಮಂಕಾಗಿ, ಸ್ವಲ್ಪ ಕಂದಿದ ಹಾಗೆ ಕಂಡಿತು. ಹಸಿರಿನ ಪಕ್ಕದಲ್ಲಿದ್ದಾಗ ಉರಿಯಿತು. ನೂಲು ಬದಲಾಗಿಲ್ಲ, ನೆರೆಹೊರೆ ಬದಲಾಗಿದೆ.

ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಕೆಂಪು ಎಂದರೆ ಸಿಟ್ಟು, ನೀಲಿ ಎಂದರೆ ದುಃಖ ಎಂದು ನಮ್ಮ ತರಗತಿಗಳ ಗೋಡೆಗೆ ಅಂಟಿಸಿದ ಪಟ್ಟಿಗಳಿವೆಯಲ್ಲ, ಅವು ಚಿತ್ರ ಬರೆಯುವವನಿಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಬಣ್ಣ ಯಾವುದು ಎಂಬುದನ್ನು ಕೊನೆಗೆ ಕೇಳಿಕೊಂಡರೆ ಸಾಕು. ಅದರ ಮಗ್ಗುಲಲ್ಲಿ ಏನಿದೆ, ಎಷ್ಟಿದೆ, ಅದು ಎಷ್ಟು ಬೆಳ್ಳಗೆ ಅಥವಾ ಕಪ್ಪಗೆ ಇದೆ, ಇವು ಮೊದಲು.

ಇದನ್ನು ಲೆಕ್ಕ ಹಾಕಿ ತೋರಿಸಿದವನು ಚಿತ್ರಕಾರನಲ್ಲ, ಒಬ್ಬ ರಸಾಯನಶಾಸ್ತ್ರಜ್ಞ. ಅದೂ ನೇಕಾರಿಕೆಯ ಜಾಗದಲ್ಲಿ. ಪ್ಯಾರಿಸ್‌ನ ಗೊಬೆಲಿನ್ ಕಾರ್ಖಾನೆಯಲ್ಲಿ ಗೋಡೆಗೆ ತೂಗುಹಾಕುವ ಚಿತ್ರವಸ್ತ್ರಗಳನ್ನು ನೇಯುತ್ತಿದ್ದರು. 1824ರಲ್ಲಿ ಮಿಶೆಲ್ ಶೆವ್ರಲ್ ಅಲ್ಲಿನ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾದ. ಅವನ ಮುಂದೆ ಬಂದ ದೂರು ಹೀಗಿತ್ತು: ನೀಲಿ, ನೇರಳೆ ಬಟ್ಟೆಯ ಮಡಿಕೆಗಳಿಗೆ ನೆರಳಾಗಿ ಬಳಸುವ ಕಪ್ಪು ಉಣ್ಣೆಗೆ ಸತ್ವವೇ ಇಲ್ಲ, ಬಣ್ಣ ಸರಿಯಾಗಿ ಹಿಡಿದಿಲ್ಲ. ಅವನು ಬೇರೆ ಊರುಗಳಿಂದ ಕಪ್ಪು ಉಣ್ಣೆ ತರಿಸಿ ಹೋಲಿಸಿದ. ಬಣ್ಣದಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ಪಕ್ಕದ ನೀಲಿಯದ್ದು. ನೀಲಿಯನ್ನು ನೋಡುವ ಕಣ್ಣು ಅದರ ಎದುರು ಬಣ್ಣವಾದ ಕಿತ್ತಳೆಯ ಛಾಯೆಯನ್ನು ಮಗ್ಗುಲಿನ ಕಪ್ಪಿನ ಮೇಲೆ ಹೊದಿಸುತ್ತದೆ. ಕಪ್ಪಿನ ಮೇಲೆ ತುಸು ಕಿತ್ತಳೆ ಎಂದರೆ ತುಕ್ಕು ಹಿಡಿದ ಹಾಗೆ. ಈ ಅಧ್ಯಯನವನ್ನು ಅವನು 1839ರಲ್ಲಿ ಪ್ರಕಟಿಸಿದ. ಆಮೇಲೆ ಬಂದ ಫ್ರೆಂಚ್ ಚಿತ್ರಕಾರರು ಅದನ್ನು ಓದಿ ಬಳಸಿಕೊಂಡರು. ನಮ್ಮಲ್ಲೂ ಗಿರಾಕಿ "ಬಣ್ಣ ಡಲ್ ಹೊಡದೈತ್ರಿ" ಎಂದು ಸೀರೆ ವಾಪಸ್ ತಂದರೆ ಬಣ್ಣದವನನ್ನು ಬೈಯುವುದು ರೂಢಿ. ಬೈಯುವ ಮುನ್ನ ದಡಿಗೂ ಒಡಲಿಗೂ ಜೋಡಿ ಹಾಕಿದವರು ಯಾರು ಎಂದು ಕೇಳಬಹುದು.

ಮನೆಯಲ್ಲಿ ಇದನ್ನು ಮಾಡಿ ನೋಡಿ. ಕಪ್ಪು ಬಿಳಿ ಬೆರೆಸಿ ಮಧ್ಯಮ ಬೂದಿ ಬಣ್ಣ ಮಾಡಿ ಒಂದು ಹಾಳೆಗೆ ಬಳಿಯಿರಿ. ಒಣಗಿದ ಮೇಲೆ ಎರಡು ಇಂಚಿನ ಎರಡು ಚೌಕ ಕತ್ತರಿಸಿ. ಒಂದನ್ನು ಕೆಂಪು ಹಾಳೆಯ ನಡುವೆ, ಇನ್ನೊಂದನ್ನು ಹಸಿರು ಹಾಳೆಯ ನಡುವೆ ಇಡಿ. ಅರ್ಧ ನಿಮಿಷ ನೋಡಿದರೆ ಮೊದಲನೆಯದು ಹಸಿರು ಹೊಡೆಯುತ್ತದೆ, ಎರಡನೆಯದು ಗುಲಾಬಿ ಹೊಡೆಯುತ್ತದೆ. ಹಾಳೆ ದೊಡ್ಡದಿರಬೇಕು, ಚೌಕಕ್ಕಿಂತ ಕನಿಷ್ಠ ಐದಾರು ಪಟ್ಟು. ಚಿಕ್ಕ ಹಾಳೆಯಲ್ಲಿ ಪರಿಣಾಮ ಕಾಣದೆ "ಇದೆಲ್ಲ ಸುಳ್ಳು" ಎನ್ನುವವರೇ ಹೆಚ್ಚು. ಚೌಕದ ಸುತ್ತ ಪೆನ್ಸಿಲ್ ಗೆರೆ ಇದ್ದರೂ ಪರಿಣಾಮ ಇಳಿಯುತ್ತದೆ, ಗೆರೆ ಎರಡೂ ಬಣ್ಣಗಳ ನಡುವೆ ಬೇಲಿ ಹಾಕಿದಂತೆ.

ಹಾಗಾದರೆ ಬಣ್ಣಕ್ಕೆ ಅರ್ಥವೇ ಇಲ್ಲವೇ ಎಂದು ಕೇಳಬಹುದು. ಇದೆ, ಆದರೆ ಅದನ್ನು ಕೊಟ್ಟವರು ನಾವು, ಊರಿಗೊಂದರಂತೆ ಕೊಟ್ಟಿದ್ದೇವೆ. ನಾಟ್ಯಶಾಸ್ತ್ರದ ಪಟ್ಟಿಯನ್ನೇ ತೆಗೆದುಕೊಳ್ಳಿ. ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳಿ, ಕರುಣಕ್ಕೆ ಕಪೋತ ಅಂದರೆ ಪಾರಿವಾಳದ ಬೂದಿ, ರೌದ್ರಕ್ಕೆ ರಕ್ತವರ್ಣ, ವೀರಕ್ಕೆ ಗೌರ, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ, ಅದ್ಭುತಕ್ಕೆ ಹಳದಿ. ಪ್ರೇಮ ಕೆಂಪಲ್ಲ, ಶ್ಯಾಮ. ನೀಲಿ ದುಃಖದ್ದಲ್ಲ, ಹೇಸಿಗೆಯದ್ದು. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಪಟ್ಟಿಯನ್ನು ಇದರ ಪಕ್ಕ ಇಟ್ಟರೆ ಎರಡು ಮೂರು ಕಡೆ ಮಾತ್ರ ತಾಳೆಯಾಗುತ್ತದೆ. ರಸದ ಮಾತು ನಮಗೆ ದೂರದ್ದೇನಲ್ಲ. ವಿಜಯಪುರದ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್‌ಶಾ ನವರಸದ ಹುಚ್ಚು ಹಚ್ಚಿಕೊಂಡವನು. ತನ್ನ ಹಾಡುಗಳ ಸಂಗ್ರಹಕ್ಕೂ ಅದೇ ಹೆಸರು, ಕಟ್ಟಿಸಲು ಹೊರಟ ಊರಿಗೂ ಅದೇ ಹೆಸರು, ನವರಸಪುರ. ಅವನ ಕಾಲದ ಬಿಜಾಪುರದ ಚಿತ್ರಕಾರರಿಗೆ ಚಿನ್ನ, ಗುಲಾಬಿ, ತಿಳಿನೇರಳೆ ಎಂದರೆ ಬಲು ಇಷ್ಟ. ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿ ಅಂಥ ಒಂದು ಚಿತ್ರವಿದೆ, ಮೈನಾ ಹಕ್ಕಿಯೊಂದಿಗೆ ನಿಂತ ಯೋಗಿನಿಯದು. ಮೈಗೆ ಒಡವೆ, ಚಿನ್ನದ ಹೊಳಪು, ಮುಖ ಮಾತ್ರ ಬೂದಿ. ಆ ಸಿಂಗಾರದ ನಡುವೆ ಬೂದಿ ಇರುವುದರಿಂದಲೇ ಅವಳು ಈ ಲೋಕದವಳಲ್ಲ ಎನ್ನಿಸುತ್ತದೆ. ಅದೇ ಬೂದಿ ಬಣ್ಣವನ್ನು ಬೂದಿ ಬಣ್ಣದ ಬಂಡೆಗಳ ನಡುವೆ ಇಟ್ಟಿದ್ದರೆ ಅವಳು ಇನ್ನೊಂದು ಬಂಡೆಯಾಗುತ್ತಿದ್ದಳು.

ಬಣ್ಣವನ್ನು ಮೂರು ತಿರುಪಿನ ರೇಡಿಯೋ ಎಂದುಕೊಳ್ಳಿ. ಒಂದು ತಿರುಪು ಹೆಸರಿನದು: ಕೆಂಪೋ ಹಸಿರೋ. ಎರಡನೆಯದು ಬೆಳಕಿನದು: ಬಿಳಿಗೆ ಹತ್ತಿರವೋ ಕಪ್ಪಿಗೆ ಹತ್ತಿರವೋ. ಮೂರನೆಯದು ಖಾರದ್ದು: ದಾಳಿಂಬರಿ ಕೆಂಪೋ, ಇಟ್ಟಂಗಿ ಕೆಂಪೋ. ಮಕ್ಕಳು ಮೊದಲ ತಿರುಪನ್ನಷ್ಟೇ ತಿರುಗಿಸುತ್ತಾರೆ. ಚಿತ್ರದ ಮನಸ್ಥಿತಿ ಕೂತಿರುವುದು ಉಳಿದೆರಡರಲ್ಲಿ.

ಎರಡನೆಯ ತಿರುಪನ್ನು ಪರೀಕ್ಷಿಸಲು ನಿಮ್ಮ ಜೇಬಿನಲ್ಲೇ ಸಾಧನವಿದೆ. ಮೊಬೈಲ್‌ನಲ್ಲಿ ಈ ಹಸಿರು ಸೀರೆಯ ಫೋಟೋ ತೆಗೆದು ಕಪ್ಪು ಬಿಳುಪಿಗೆ ಬದಲಿಸಿ. ಕಣ್ಣಿಗೆ ಅಷ್ಟು ಹೊಡೆದಾಡುತ್ತಿದ್ದ ಕೆಂಪೂ ಹಸಿರೂ ಬಹುತೇಕ ಒಂದೇ ಬೂದಿಯಾಗಿ ಕರಗಿಹೋದವು. ಹಾಗೇ ಉಳಿದದ್ದು ಯಾವುದು? ಸೆರಗಿನ ಬಿಳಿ. ತೋಪುತೆನೆ ಸೆರಗಿನಲ್ಲಿ ಕೆಂಪಿನ ಮೂರು ಪಟ್ಟಿ, ನಡುವೆ ಬಿಳಿಯ ಎರಡು ಪಟ್ಟಿ. ಆ ಬಿಳಿಯಲ್ಲೇ ಜೋಳದ ತೆನೆ, ಹಣಿಗೆಯ ಹಲ್ಲು, ಕೋಟೆಯ ತೆನೆ ಮೂಡುತ್ತವೆ. ಸಂತೆಯ ಆ ತುದಿಯಿಂದ ಬರುವ ಹೆಣ್ಣುಮಗಳು ಉಟ್ಟದ್ದು ಇಳಕಲ್ ಸೀರೆ ಎಂದು ಗೊತ್ತಾಗುವುದು ಕೆಂಪಿನಿಂದಲ್ಲ, ಆ ಬಿಳಿಯ ಅಂಚಿನಿಂದ. ಕೆಂಪು ಹಬ್ಬ ತರುತ್ತದೆ, ಆಕಾರವನ್ನು ಬಿಳಿ ಹೇಳುತ್ತದೆ.

ಕಸೂತಿಯಲ್ಲೂ ಇದೇ ಲೆಕ್ಕ. ಮದುಮಗಳಿಗೆ ಕೊಡುವ ಚಂದ್ರಕಾಳಿ ಸೀರೆ ಕಪ್ಪು. ಅದರ ಮೇಲೆ ಗವಂತಿ, ಮುರಗಿ ಹೊಲಿಗೆಯಲ್ಲಿ ಗೋಪುರ, ತೇರು, ನವಿಲು. ಗವಂತಿಯ ಗೆರೆ ಒಂದು ಎಳೆಯಷ್ಟು ದಪ್ಪ. ಎಳೆ ಸಣ್ಣದಾದಷ್ಟೂ ಕಣ್ಣಿಗೆ ಬಣ್ಣ ಸಿಗುವುದಿಲ್ಲ, ಬೆಳಕಿನ ವ್ಯತ್ಯಾಸ ಮಾತ್ರ ಸಿಗುತ್ತದೆ. ಹೀಗಾಗಿ ಕಡು ಒಡಲ ಮೇಲೆ ಬಿಳಿ, ಕಿತ್ತಳೆ, ಗಿಣಿಹಸಿರು ಎಳೆಗಳು ಗೆಲ್ಲುತ್ತವೆ. ಅದೇ ಎಳೆಗಳನ್ನು ಅರಿಶಿನ ಬಣ್ಣದ ಬಟ್ಟೆಯ ಮೇಲೆ ಹಾಕಿ ಹತ್ತು ಹೆಜ್ಜೆ ಹಿಂದೆ ಸರಿಯಿರಿ. ತಿಂಗಳ ದುಡಿಮೆ ಕಾಣುವುದೇ ಇಲ್ಲ. ಪೋಸ್ಟರ್‌ನಲ್ಲಿ ಹಳದಿ ಹಿನ್ನೆಲೆಗೆ ಬಿಳಿ ಅಕ್ಷರ ಬರೆಯುವವರಿಗೂ ಈ ಮಾತು.

ಈಗ ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ. ಭಂಡಾರ ಅಂದರೆ ಅರಿಶಿನ ಪುಡಿ ಹಾರುತ್ತದೆ, ಜನ, ನೆಲ, ಗುಡಿ ಎಲ್ಲ ಹಳದಿ. ಬೆಳಗಾವಿ ಜಿಲ್ಲೆಯ ಯಾವುದೇ ಚಿತ್ರಕಲಾ ಸ್ಪರ್ಧೆಗೆ ಹೋಗಿ, ಈ ಜಾತ್ರೆಯ ನಾಲ್ಕಾರು ಚಿತ್ರ ಇದ್ದೇ ಇರುತ್ತವೆ. ಹೆಚ್ಚಿನವು ಸೋಲುವುದು ಒಂದೇ ರೀತಿಯಲ್ಲಿ. ಹುಡುಗ ಲೆಮನ್ ಯೆಲ್ಲೊ ಡಬ್ಬಿ ಬಿಚ್ಚಿ ಇಡೀ ಹಾಳೆಗೆ ಬಳಿಯುತ್ತಾನೆ. ಎಷ್ಟು ಬಳಿದರೂ ಭಂಡಾರ ಹಾರುವುದಿಲ್ಲ, ಹಾಳೆ ಸುಣ್ಣದ ಗೋಡೆಯ ಹಾಗೆ ಸಪ್ಪಗಾಗುತ್ತದೆ. ಕಾರಣ, ಹಳದಿ ಬಿಳಿಗೆ ತೀರ ಹತ್ತಿರದ ಬಣ್ಣ. ಬಿಳಿ ಹಾಳೆಯ ಮೇಲೆ ಅದಕ್ಕೆ ಹೊಳೆಯಲು ಜಾಗವೇ ಇಲ್ಲ.

ಹೀಗೆ ಮಾಡಿ. ಮೊದಲು ಇಡೀ ಹಾಳೆಗೆ ಬೂದಿ ಬೆರೆತ ತಿಳಿನೇರಳೆಯ ಒಂದು ಪದರ ಕೊಡಿ. ಅಲ್ಟ್ರಾಮರೀನ್ ಎರಡು ಪಾಲು, ಬರ್ನ್ಟ್ ಸಿಯೆನ್ನಾ ಒಂದು ಪಾಲು, ಕ್ರಿಮ್ಸನ್ ಚಿಟಿಕೆಯಷ್ಟು, ಬೇಕಾದಷ್ಟು ಬಿಳಿ. ಮೋಡ ಕವಿದ ಸಂಜೆಯ ಆಕಾಶದಷ್ಟು ಬೆಳಕು ಸಾಕು, ಕಪ್ಪಾಗಬಾರದು. ಒಣಗಲು ಬಿಡಿ. ಜನರ ಗುಂಪನ್ನು ಯೆಲ್ಲೊ ಓಕರ್ ಮತ್ತು ಕಂದಿನಲ್ಲಿ ಹಾಕಿ, ಇನ್ನೂ ಹಳದಿಯ ಡಬ್ಬಿ ಮುಟ್ಟಬೇಡಿ. ಹೆಗಲ ಮೇಲಿನ ಕರಿ ಕಂಬಳಿಗಳು ಎಲ್ಲಿವೆ ಎಂದು ಗುರುತು ಮಾಡಿ, ಚಿತ್ರದಲ್ಲಿ ಅತಿ ಕಪ್ಪು ಇರುವುದು ಅಲ್ಲಿ ಮಾತ್ರ. ಈಗ ಭಂಡಾರ ಗಾಳಿಯಲ್ಲಿ ಚಿಮ್ಮುವ ಜಾಗ. ನಮ್ಮ ಅಂಗಡಿಯ ಹೆಚ್ಚಿನ ಹಳದಿಗಳು ಪಾರದರ್ಶಕ, ಕಡು ಬಣ್ಣದ ಮೇಲೆ ಮುಚ್ಚಿಕೊಳ್ಳುವುದಿಲ್ಲ, ಹಸಿರು ಹೊಡೆಯುತ್ತವೆ. ಹಾಗೆಂದು ಹಳದಿಗೆ ಬಿಳಿ ಬೆರೆಸಿದರೆ ಬೆಣ್ಣೆಯ ಬಣ್ಣ ಬರುತ್ತದೆ. ಅಕ್ರಿಲಿಕ್ ಇದ್ದರೆ ಮೊದಲು ಒಣ ಕುಂಚದಿಂದ ಬರೀ ಬಿಳಿಯನ್ನು ಉಜ್ಜಿ, ಪೂರ್ತಿ ಒಣಗಿಸಿ, ಅದರ ಮೇಲೆ ಹಳದಿಯನ್ನು ತೆಳ್ಳಗೆ ಹರಿಸಿ. ಅಂಚುಗಳನ್ನು ಮೆದುವಾಗಿ ಬಿಡಿ, ಪುಡಿಗೆ ಅಂಚಿರುವುದಿಲ್ಲ. ಶುದ್ಧ ಹಳದಿ ಇಡೀ ಹಾಳೆಯ ಹತ್ತನೆಯ ಒಂದು ಭಾಗ ದಾಟದಿರಲಿ. ಹಳದಿಗೂ ನೇರಳೆಗೂ ಸಮತೋಲನ ಬರಲು ಒಂದಕ್ಕೆ ಮೂರರಷ್ಟು ಜಾಗ ಬೇಕೆಂಬ ಹಳೆಯ ಲೆಕ್ಕವೊಂದಿದೆ, ಕೆಂಪು ಹಸಿರಿಗೆ ಸರಿಸಮ, ಕಿತ್ತಳೆ ನೀಲಿಗೆ ಒಂದಕ್ಕೆ ಎರಡು. ನೆಮ್ಮದಿ ಬೇಕಾದಾಗ ಈ ಲೆಕ್ಕ ಪಾಲಿಸಿ. ಜಾತ್ರೆಗೆ ಬೇಕಾದದ್ದು ನೆಮ್ಮದಿಯಲ್ಲ, ಲೆಕ್ಕ ಮುರಿಯಿರಿ.

ನೆರಳಿನ ವಿಷಯ ಬಾಕಿ ಇದೆ, ಅಲ್ಲೇ ಹೆಚ್ಚಿನವರು ಮುಗ್ಗರಿಸುವುದು. ಭಂಡಾರ ಮೆತ್ತಿದ ಮುಖಕ್ಕೆ ನೆರಳು ಹಾಕಲು ಹಳದಿಗೆ ಕಪ್ಪು ಬೆರೆಸುತ್ತಾರೆ. ಹಳದಿಗೆ ಕಪ್ಪು ಬೆರೆತರೆ ಕಪ್ಪು ಹಳದಿ ಬರುವುದಿಲ್ಲ, ಪಾಚಿ ಹಸಿರು ಬರುತ್ತದೆ. ಮಾಯಕ್ಕನ ಭಕ್ತ ಕಾಮಣಿ ಬ್ಯಾನಿ, ಅಂದರೆ ಕಾಮಾಲೆ, ಹಿಡಿದವನ ಹಾಗೆ ಕಾಣುತ್ತಾನೆ. ಅದೇ ಮುಖದ ನೆರಳಿಗೆ ಬರ್ನ್ಟ್ ಸಿಯೆನ್ನಾ, ತುದಿಗೆ ಒಂದಿಷ್ಟು ನೇರಳೆ ಕೊಡಿ, ಮುಖಕ್ಕೆ ರಕ್ತ ಬರುತ್ತದೆ. ನೋಡಿ, ಭಕ್ತಿಯ ಹಳದಿಯೂ ರೋಗದ ಹಳದಿಯೂ ಒಂದೇ ಡಬ್ಬಿಯಿಂದ ಬಂದವು. ವ್ಯತ್ಯಾಸ ನೆರಳಿನಲ್ಲಿತ್ತು. ರೋಗಿಯನ್ನೇ ಬರೆಯಬೇಕಿದ್ದರೆ ಆ ಪಾಚಿ ಹಸಿರೇ ಸರಿ, ಆಗ ಅದು ತಪ್ಪಲ್ಲ.

ಬಾಗಲಕೋಟೆಯಲ್ಲಿ ಕೂತು ಹೋಳಿಯ ಮಾತು ಬಿಟ್ಟರೆ ನೀವು ಒಪ್ಪುವುದಿಲ್ಲ. ಹಲಗಿ ಸದ್ದು, ಬಣ್ಣದ ಗಾಡಿ, ಬ್ಯಾರಲ್. ಮೊದಲ ದಿನ ಬೆಳಿಗ್ಗೆ ಬಿಳಿ ಅಂಗಿಯ ಮೇಲೆ ಬಿದ್ದ ಗುಲಾಬಿ ಎಷ್ಟು ಚೆಂದ. ಕೊನೆಯ ದಿನ ಸಂಜೆ ಅದೇ ಅಂಗಿ ನೋಡಿ, ಗಟಾರದ ಬಣ್ಣ. ಗುಲಾಬಿ, ಹಸಿರು, ನೀಲಿ, ಹಳದಿ ಎಲ್ಲವೂ ಚೆಂದವೇ, ಒಟ್ಟಿಗೆ ಬೆರೆತದ್ದು ಯಾಕೆ ಕೆಸರಾಯಿತು? ಪ್ರತಿ ಬಣ್ಣವೂ ಬೆಳಕಿನ ಒಂದಿಷ್ಟು ಭಾಗವನ್ನು ನುಂಗುತ್ತದೆ. ನಾಲ್ಕು ಬೆರೆತರೆ ನಾಲ್ವರೂ ನುಂಗುತ್ತಾರೆ, ಹೊರಗೆ ಬರಲು ಏನೂ ಉಳಿಯುವುದಿಲ್ಲ. ಪ್ಯಾಲೆಟ್‌ನಲ್ಲೂ ಅದೇ. ಎರಡು ಟ್ಯೂಬ್ ಬೆರೆಸಿದರೆ ಬಣ್ಣ, ಮೂರು ಬೆರೆಸಿದರೆ ಎಚ್ಚರ, ನಾಲ್ಕಾದರೆ ಹೋಳಿ. ಕಿತ್ತಳೆಯತ್ತ ವಾಲುವ ಕೆಂಪಿಗೆ ಅಲ್ಟ್ರಾಮರೀನ್ ಬೆರೆಸಿ ನೇರಳೆ ಬರಲಿಲ್ಲ ಎಂದು ದೂರುವವರಿದ್ದಾರೆ. ಆ ಕೆಂಪಿನೊಳಗೆ ಹಳದಿ ಅಡಗಿದೆ, ಅಂದರೆ ಮೂರನೆಯವನು ಆಗಲೇ ಒಳಗಿದ್ದಾನೆ. ಕ್ರಿಮ್ಸನ್ ತೆಗೆದುಕೊಳ್ಳಿ, ಬರುತ್ತದೆ.

ಟ್ಯೂಬಿನ ಹಸಿರಿನ ಬಗ್ಗೆಯೂ ಎರಡು ಮಾತು. ಎರೆ ಹೊಲದಲ್ಲಿ ಮೊಣಕಾಲೆತ್ತರ ಬೆಳೆದ ಹಿಂಗಾರಿ ಜೋಳವನ್ನು ಟ್ಯೂಬಿನ ಹಸಿರಿನಿಂದ ಬರೆದರೆ ಪ್ಲಾಸ್ಟಿಕ್ ಹೊಲವಾಗುತ್ತದೆ. ಎಂಟು ಪಾಲು ಹಸಿರಿಗೆ ಒಂದು ಪಾಲು ಕೆಂಪು ಬೆರೆಸಿ. ಖಾರದ ತಿರುಪು ಇಳಿಯುತ್ತದೆ, ಹೊಲ ಭೂಮಿಗೆ ಅಂಟಿಕೊಳ್ಳುತ್ತದೆ.

ಬಣ್ಣಗಳನ್ನು ಬೆರೆಸದೆ, ಮಗ್ಗುಲಲ್ಲಿಟ್ಟು ಜಗಳ ಹಚ್ಚುವುದೂ ಒಂದು ಕಲೆ. 1888ರಲ್ಲಿ ವಿನ್ಸೆಂಟ್ ವ್ಯಾನ್ ಗೋ ರಾತ್ರಿಯ ಕೆಫೆಯೊಂದರ ಒಳಾಂಗಣ ಬರೆದ. ರಕ್ತಕೆಂಪು ಗೋಡೆ, ನಡುವೆ ಹಸಿರು ಬಿಲಿಯರ್ಡ್ಸ್ ಮೇಜು, ಮೇಲೆ ನಿಂಬೆ ಹಳದಿಯ ನಾಲ್ಕು ದೀಪ. ಮನುಷ್ಯರ ಭಯಂಕರ ಆವೇಗಗಳನ್ನು ಕೆಂಪು ಹಸಿರಿನಿಂದ ಹೇಳಲು ಹೊರಟೆ ಎಂದು ತಮ್ಮನಿಗೆ ಕಾಗದ ಬರೆದ. ನಮ್ಮ ಇಳಕಲ್ ಸೀರೆಯಲ್ಲೂ ಅದೇ ಕೆಂಪು ಹಸಿರು, ಸೀರೆಯಲ್ಲಿ ಮದುವೆ ಮನೆ, ಕೆಫೆಯಲ್ಲಿ ಕೊಲೆಯಾಗುವ ಕೋಣೆ. ಯಾಕೆ? ಸೀರೆಯಲ್ಲಿ ಒಡಲು ಅಗಲ, ದಡಿ ನಾಲ್ಕಾರು ಇಂಚು. ಒಂದು ಯಜಮಾನ, ಇನ್ನೊಂದು ಅತಿಥಿ. ದಡಿಯೊಳಗಿನ ಹಳದಿ ಎಳೆಗಳು, ಸೆರಗಿನ ಬಿಳಿ ಇಬ್ಬರನ್ನೂ ಸಮಾಧಾನ ಮಾಡುತ್ತವೆ. ಕೆಫೆಯಲ್ಲಿ ಇಬ್ಬರೂ ಜಾಗಕ್ಕೆ ಹೊಡೆದಾಡುತ್ತಾರೆ, ಬಿಡಿಸುವವರಿಲ್ಲ, ಹಳದಿಯೂ ಅಲ್ಲಿ ಉಗ್ರವೇ.

ಅದೇ ವರ್ಷ ಅವನು ಬರೆದ ತನ್ನ ಮಲಗುವ ಕೋಣೆಯ ಚಿತ್ರ ನೋಡಿ "ನೀಲಿ ಗೋಡೆ, ಎಷ್ಟು ತಣ್ಣಗಿದೆ" ಎನ್ನುತ್ತೇವೆ. ಗೋಡೆ ನೀಲಿಯಾಗಿರಲಿಲ್ಲ, ತಿಳಿನೇರಳೆಯಾಗಿತ್ತು. ಅದರೊಳಗಿನ ಕೆಂಪು ಬೆಳಕಿಗೆ ಹಾರಿಹೋಯಿತು, ನೀಲಿ ಉಳಿಯಿತು. ಹಳದಿ ಮಂಚಕ್ಕೆ ನೇರಳೆ ಗೋಡೆಯ ಜೋಡಿ ಇದ್ದದ್ದು ತಪ್ಪಿಹೋಗಿದೆ. ನಾವು ಓದುತ್ತಿರುವ ಭಾವ ಅರ್ಧ ಅವನದು, ಅರ್ಧ ಬಿಸಿಲಿನದು.

ನಿಮ್ಮ ಡಬ್ಬಿಗಳೂ ಹೀಗೆ ಕೈಕೊಡುತ್ತವೆ, ಅಗ್ಗದ ಗುಲಾಬಿ, ನೇರಳೆ, ಹೊಳೆಯುವ ಫ್ಲೋರೊಸೆಂಟ್ ಬಣ್ಣಗಳು ಎಲ್ಲರಿಗಿಂತ ಮೊದಲು. ಪರೀಕ್ಷೆ ಸುಲಭ. ದಪ್ಪ ಹಾಳೆಯ ಮೇಲೆ ನಿಮ್ಮಲ್ಲಿರುವ ಎಲ್ಲ ಬಣ್ಣಗಳ ಪಟ್ಟಿ ಎಳೆಯಿರಿ, ಪಕ್ಕದಲ್ಲಿ ಕಂಪನಿ, ಬಣ್ಣದ ಹೆಸರು ಬರೆಯಿರಿ. ಅರ್ಧಕ್ಕೆ ಕಪ್ಪು ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಿ. ನಮ್ಮ ಕಡೆಯ ಮಾರ್ಚ್‌ನಿಂದ ಮೇ ತನಕದ ಮೂರು ತಿಂಗಳು ಸಾಕು. ರಟ್ಟು ತೆಗೆದ ದಿನ ಎರಡೂ ಅರ್ಧ ಹೋಲಿಸಿ. ಮಾಸಿದ್ದನ್ನು ಶಾಲೆಯ ಅಭ್ಯಾಸಕ್ಕೆ ಇಟ್ಟುಕೊಳ್ಳಿ, ಮಾರುವ ಚಿತ್ರಕ್ಕೆ ಬೇಡ. ಕಾವಿ, ಓಕರ್‌ಗಳಂಥ ಮಣ್ಣಿನ ಬಣ್ಣಗಳು ಹಾಗೆಯೇ ಇರುತ್ತವೆ. ಬಾದಾಮಿಯ ಮೂರನೆಯ ಗುಹೆ, ಮಂಗಳೇಶನ ಶಾಸನದ ಪ್ರಕಾರ 578ರದ್ದು, ಅಲ್ಲಿನ ಚಿತ್ರಗಳ ಅಳಿದುಳಿದ ಗುರುತನ್ನು ಇವತ್ತಿಗೂ ತಲೆ ಎತ್ತಿ ನೋಡಬಹುದು.

ಒಣಗುವಾಗ ಬಣ್ಣ ಜಾರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ವಾಟರ್ ಕಲರ್ ಒಣಗಿದರೆ ತಿಳಿಯಾಗುತ್ತದೆ, ಅಕ್ರಿಲಿಕ್ ಒಂದು ಮೆಟ್ಟಿಲು ಕಪ್ಪಾಗುತ್ತದೆ. ಹಸಿಯಿದ್ದಾಗ ಸರಿ ಕಂಡ ಮುಖ ಮರುದಿನ ಕಂಗೆಟ್ಟು ಕೂತಿರುವುದು ಇದರಿಂದಲೇ. ಅದೇ ಹಾಳೆಯ ತುಂಡಿನ ಮೇಲೆ ಹಚ್ಚಿ, ಒಣಗಿಸಿ, ಆಮೇಲೆ ಮುಂದುವರಿಯಿರಿ.

ಕೊನೆಗೆ ಬೆಳಕು. ಸೀರೆ ಅಂಗಡಿಯಲ್ಲಿ ನಮ್ಮ ಹೆಣ್ಣುಮಕ್ಕಳು "ಒಂಚೂರ ಹೊರಗ ಬೆಳಕಿಗೆ ತಂದು ತೋರಸ್ರಿ" ಎನ್ನುತ್ತಾರೆ. ಅಂಗಡಿಯವನು ಮುಖ ಗಂಟಿಕ್ಕಿದರೂ ಅವರ ಮಾತೇ ಸರಿ. ಟ್ಯೂಬ್‌ಲೈಟ್‌ನಲ್ಲಿ ಒಂದೇ ಎನಿಸಿದ ಎರಡು ಕೆಂಪು ಬಿಸಿಲಿಗೆ ಬಂದರೆ ಬೇರೆ ಬೇರೆ. ರಾತ್ರಿ ಬಲ್ಬಿನ ಹಳದಿ ಬೆಳಕಿನಲ್ಲಿ ಬರೆದ ಚಿತ್ರ ಬೆಳಿಗ್ಗೆ ನೀಲಿಗಟ್ಟಿರುತ್ತದೆ, ಏಕೆಂದರೆ ಆ ಬೆಳಕಿನಲ್ಲಿ ನೀಲಿ ಮಂಕಾಗಿ ಕಂಡು ನಾವು ಹೆಚ್ಚು ಸುರಿದಿರುತ್ತೇವೆ. ಸಾಧ್ಯವಾದರೆ ಬಡಗಣ ಕಿಟಕಿಯ ಬಳಿ ಕೂತು ಬರೆಯಿರಿ, ಅಲ್ಲಿ ದಿನವಿಡೀ ಬೆಳಕು ಹೆಚ್ಚು ಅಲುಗಾಡುವುದಿಲ್ಲ.

ಈಗ ಹೊತ್ತು ಮುಳುಗುತ್ತಿದೆ. ಈ ಹಸಿರು ಸೀರೆಯನ್ನು ಹೊರಗಿನ ಪಡಸಾಲೆಯ ಹಗ್ಗಕ್ಕೆ ಹಾಕಿಸುತ್ತೇನೆ, ಚಹಾ ಕುಡಿಯುತ್ತ ನೋಡುತ್ತಿರಿ. ಪಡಸಾಲೆಯ ದೀಪ ಹಾಕಬೇಡಿ. ಮಧ್ಯಾಹ್ನ ಉರಿಯುತ್ತಿದ್ದ ಕೆಂಪು ದಡಿ ಮೊದಲು ಕಪ್ಪಾಗುತ್ತದೆ, ಕಡುಹಸಿರು ಒಡಲು ಅದಕ್ಕಿಂತ ಬೆಳ್ಳಗೆ ಕಾಣುತ್ತ ಹೋಗುತ್ತದೆ. ಮಸುಕಿನಲ್ಲಿ ಕಣ್ಣು ಕೆಂಪನ್ನು ಮೊದಲು ಕೈಬಿಡುತ್ತದೆ, 19ನೆಯ ಶತಮಾನದ ಆರಂಭದಲ್ಲಿ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಇದನ್ನು ಗುರುತಿಸಿದ. ಮುಸ್ಸಂಜೆಯ ಚಿತ್ರದಲ್ಲಿ ಕೆಂಪು ಸೆರಗನ್ನು ಕೆಂಪಾಗಿಯೇ ಬರೆದವರು ನಿಮ್ಮಲ್ಲಿ ಇರಬಹುದು. ಬಿಳಿಯ ತೆನೆಗಳು ಕೊನೆಯವರೆಗೂ ಇರುತ್ತವೆ. ಅವು ಎಷ್ಟು ಹೊತ್ತಿಗೆ ಬೂದಿಯಾದವು, ಕೆಂಪು ಎಷ್ಟು ಹೊತ್ತಿಗೆ ಹೋಯಿತು, ಗಡಿಯಾರ ನೋಡಿ ಬರೆದುಕೊಳ್ಳಿ.